ನಲವತ್ತೊಂದು

ಕಾಸ್ತೀಯದ ಗೋಧಿ ಬಯಲಿನಲ್ಲಿ
ಮೊಲದ ಬೇಟೆ ಮುಗಿಯುವುದು ಜನವರಿಗೆ.
ಫೆಬ್ರವರಿಯ ಬೆಳಗು ನಮ್ಮ ಗೇಟಿನ ಮುಂದೆ ನಾಯಿಗಳು,
ಉದ್ದ ಕಾಲಿನವು, ಹೊಟ್ಟೆ ಬೆನ್ನಿಗಂಟಿದವು.
ಕೆಲವನ್ನು ಕಂಬಕ್ಕೆ ಕಟ್ಟಿರುತ್ತಾರೆ. ಕೆಲವನ್ನು ಕಟ್ಟಿರುವುದೂ ಇಲ್ಲ,
ಸುಮ್ಮನೆ ನಿಂತಿರುತ್ತವೆ,
ಇಲ್ಲೇ ಇರು ಎಂದವರು ಬಂದಾರೆಂದು.

ನನ್ನ ಕೆಲಸ ರಿಜಿಸ್ಟರು ಬರೆಯುವುದು.
ನಲವತ್ತೊಂದು: ಹೆಣ್ಣು. ಬಣ್ಣ, ಒದ್ದೆ ಮರಳು.
ವಯಸ್ಸು, ಹಲ್ಲು ಹೇಳಿದ್ದು ನಾಲ್ಕು,
ಕಣ್ಣು ಹೇಳಿದ್ದಕ್ಕೆ ಕಾಲಮ್ಮಿಲ್ಲ.
ಕುತ್ತಿಗೆಯಲ್ಲಿ ಚಿಪ್ ಇಲ್ಲ,
ಚಿಪ್ ಇದ್ದ ಕಡೆ ಚಾಕು ತಿರುವಿದ ಗುರುತಿದೆ,
ಯಾರೋ ತನ್ನ ಹೆಸರನ್ನು ತಾನೇ ಅಗೆದುಕೊಂಡು ಹೋದ ಹಾಗೆ.

ಮಾರ್ಚಿನಲ್ಲಿ ಫ್ವೆನ್‌ಸಿಸ್ಲಾ ಬಂದಳು,
ಸೇತುವೆ ಹತ್ತಿರದ ಬೇಕರಿಯ ರಾತ್ರಿ ಪಾಳಿಯವಳು.
ಕೂದಲಲ್ಲಿ ಹಿಟ್ಟೋ ನರೆಯೋ, ತಿಳಿಯಲಿಲ್ಲ.
ಹಗಲು ಮಲಗುವಂಥದ್ದು ಇದೆಯೇ ಎಂದಳು,
ಚಪ್ಪಲಿ ಅಂಗಡಿಯಲ್ಲಿ ಅಳತೆ ಕೇಳುವವಳಂತೆ.

ಅರ್ಜಿಯಲ್ಲಿ ಹನ್ನೊಂದು ಪ್ರಶ್ನೆ.
ಅಂಗಳವಿದೆಯೇ? ಇಲ್ಲ.
ಮಹಡಿ? ಮೂರನೆಯದು, ಲಿಫ್ಟ್ ಕೆಟ್ಟಿದೆ.
ಯಾಕೆ ಬೇಕು ಎಂಬಲ್ಲಿ ಪೆನ್ನು ನಿಂತಿತು,
ನಿಂತೇ ಇತ್ತು, ಮಸಿಯ ಚುಕ್ಕಿಯೊಂದು ಬೆಳೆಯಿತು.
ಚುಕ್ಕಿಯನ್ನೇ ಬಿಟ್ಟು ಮುಂದಿನ ಸಾಲಿಗೆ ಹೋದಳು.
ನಿಯಮದ ಪ್ರಕಾರ ಅರ್ಜಿ ಅಪೂರ್ಣ.
ನಾನು ಮೊಹರು ಒತ್ತಿದೆ.

ಮೆಟ್ಟಿಲು ತಿಳಿಯದು ಆ ನಾಯಿಗೆ.
ಗಾಳಿಯನ್ನು ಹಿಂದೆ ಹಾಕಿದ ಕಾಲು
ಒಂದು ಗೇಣು ಎತ್ತರಕ್ಕೆ ನಡುಗಿ ನಿಂತಿತಂತೆ.
ಮೊದಲ ರಾತ್ರಿ ಇಬ್ಬರೂ ಕೆಳಗಿನ ಮೆಟ್ಟಿಲಲ್ಲೇ.
ದೀಪ ಮೂರು ನಿಮಿಷಕ್ಕೊಮ್ಮೆ ತಂತಾನೇ ಆರುವುದು,
ಇವಳು ಎದ್ದು ಹಚ್ಚುವುದು, ಕೂರುವುದು.
ಎರಡನೆಯ ಮಹಡಿಯ ಎವೇಲಿಯೊ ಪೈಜಾಮದಲ್ಲೇ ಇಳಿದು ಬಂದು,
ಬಯ್ಯಲು ತೆರೆದ ಬಾಯಿ ಮುಚ್ಚಿ,
ಮೇಲೆ ಹೋಗಿ ಕಂಬಳಿ ತಂದುಕೊಟ್ಟು
‘ತೊಳೆದು ಕೊಡು’ ಎಂದನಂತೆ.

ಇದೆಲ್ಲ ಅವಳು ಹೇಳಿದ್ದು ನಾನು ಪರಿಶೀಲನೆಗೆ ಹೋದಾಗ.
ಸೋಫಾದಲ್ಲಿ ನಾಲ್ಕು ಕಾಲೂ ಮೇಲೆತ್ತಿ ಮಲಗಿತ್ತು ನಾಯಿ,
ಮಗುಚಿಟ್ಟ ಇಸ್ತ್ರಿ ಮೇಜಿನಂತೆ.
ಹೆಸರು ಮಿಗಾ. ಅಂದರೆ, ರೊಟ್ಟಿಯ ಒಳಗಿನ ಮೆತ್ತಗಿನ ಭಾಗ.

ಅಕ್ಟೋಬರಿನ ಸಂತೆಯಲ್ಲಿ ಮತ್ತೆ ಕಂಡೆ ಅವರನ್ನು.
ಆಲಿವ್ ಡಬ್ಬಗಳ ಆಚೆ ಯಾರೋ ಸಿಳ್ಳೆ ಹಾಕಿದರು,
ಎರಡು ಗಿಡ್ಡ, ಒಂದು ಉದ್ದ.
ಮಿಗಾ ಕಲ್ಲಾಯಿತು.
ಆಮೇಲೆ ಬಾಲ (ಇದನ್ನು ಬರೆಯಲು ಕೈ ಬರುವುದಿಲ್ಲ)
ಬಾಲ ಅಲ್ಲಾಡಿತು.

ಸಿಳ್ಳೆ ಇದಕ್ಕಲ್ಲ, ಅವನ ಹೊಸ ಮರಿಗೆ.
ಹಸಿರು ಜಾಕೆಟಿನವನು, ನನಗೆ ಗೊತ್ತಿರುವವನೇ,
ಕುತ್ತಿಗೆಯ ಗುರುತು ನೋಡಿದ, ನನ್ನನ್ನು ನೋಡಿದ, ಟೊಮೆಟೊ ನೋಡಿದ.
‘ಇನ್ನೂ ಓಡುತ್ತದೆಯೇ?’
‘ಇಲ್ಲ. ಬೆಳಿಗ್ಗೆ ಏಳಕ್ಕೆ ನನ್ನ ಜೊತೆ ಮಲಗುತ್ತದೆ.’
ಅವನು ನಕ್ಕ. ನಗು ನಡುದಾರಿಯಲ್ಲಿ ಎಲ್ಲೋ ತಪ್ಪಿಸಿಕೊಂಡಿತು.

ಅವಳು ಹಗ್ಗ ಎಳೆದುಕೊಳ್ಳಲಿಲ್ಲ.
ನಾನಾಗಿದ್ದರೆ ಎಳೆಯುತ್ತಿದ್ದೆ, ಎರಡು ಸುತ್ತು ಸುತ್ತಿಕೊಳ್ಳುತ್ತಿದ್ದೆ ಮುಂಗೈಗೆ.
ಅವಳು ಪೂರ್ತಿ ಸಡಿಲ ಬಿಟ್ಟು
ಈರುಳ್ಳಿ ಎಷ್ಟೆಂದು ಕೇಳುತ್ತ ನಿಂತಳು.

ಮಿಗಾ ಅವನತ್ತ ನಾಲ್ಕು ಹೆಜ್ಜೆ ನಡೆಯಿತು.
ಬೂಟು ಮೂಸಿತು, ತುಂಬ ಹೊತ್ತು,
ಹಳೆಯ ವಿಳಾಸಕ್ಕೆ ಬಂದ ಕಾಗದ ಓದುವಂತೆ.
ಮರಿಯ ಕಿವಿಯನ್ನೂ ಮೂಸಿತು.
ತಿರುಗಿ ಬಂದು ಅವಳ ಮೊಣಕಾಲಿಗೆ
ಇಡೀ ಭಾರ ಬಿಟ್ಟು ಒರಗಿತು,
ಅವಳು ಒಂದು ಹೆಜ್ಜೆ ಜೋಲಿ ಹೊಡೆಯುವಷ್ಟು.

ಸಂಜೆ ಕಚೇರಿಯಲ್ಲಿ ನಲವತ್ತೊಂದರ ಅರ್ಜಿ ತೆಗೆದೆ,
ಆ ಖಾಲಿ ಸಾಲಿಗೆ ಏನಾದರೂ ತುಂಬಲೆಂದು.
ಚುಕ್ಕಿ ಕಾಗದದ ಆಚೆಗೂ ಇಳಿದಿತ್ತು. ಹಾಗೇ ಮಡಚಿಟ್ಟೆ.

ಆ ಮರಿಗೆ ಆರು ತಿಂಗಳಿದ್ದೀತು.
ಎರಡು ಬೇಟೆ, ಹೆಚ್ಚೆಂದರೆ ಮೂರು.
ಹೊಸ ರಿಜಿಸ್ಟರಿನ ಕೊನೆಯ ಕಡೆ ಒಂದು ಪುಟ ಬಿಡಿಸಿ
ಈಗಲೇ ಗೆರೆ ಎಳೆದಿಟ್ಟೆ.