ನೂರ ಹದಿನಾಲ್ಕನೇ ಪುಟ

ಡೊಂಬಿವಲಿಯ ಏಳು ಐವತ್ತೆರಡರ ಫಾಸ್ಟಿನಲ್ಲಿ
ಊಟ ಆಯ್ತಾ ಎಂದು ಯಾರೂ ಕೇಳುವುದಿಲ್ಲ.
ಊಟ ಎಲ್ಲರ ಚೀಲದಲ್ಲಿದೆ, ಸ್ಟೀಲಿನ ಡಬ್ಬಿಯಲ್ಲಿ, ಇನ್ನೂ ಬಿಸಿ.
ಲೇಡೀಸ್ ಡಬ್ಬದ ಕಿಟಕಿ ಮೂಲೆಯಲ್ಲಿ ನಾವು ಕೇಳುವುದು ಬೇರೆ:
ಸಧ್ಯಾ ಕಾಯ್ ವಾಚತೇಸ್?
ಈಗೇನು ಓದ್ತಾ ಇದ್ದೀ?

ಜೆಸಿಂತಾ ನೊರೊನ್ಹ ಮೊದಲು ಕೊನೆಯ ಪುಟ ಓದುತ್ತಾಳೆ.
ಸಾಯುವವರು ಯಾರೆಂದು ಮುಂಚೆಯೇ ಗೊತ್ತಿದ್ದರೆ
ಅವರ ಜೊತೆ ಸ್ವಲ್ಪ ಮೆತ್ತಗೆ ನಡೆದುಕೊಳ್ಳಬಹುದಂತೆ.

ಸುಲಭಾ ಪಾಟಣಕರ್ ಹೆಣೆಯುತ್ತ ಓದುತ್ತಾಳೆ.
ತೊಡೆಯ ಮೇಲೆ ಪುಸ್ತಕ, ಪುಟ ಹಾರದಂತೆ ಅಡ್ಡಕ್ಕೆ ಬಾಚಣಿಗೆ.
ಪತ್ತೇದಾರಿ ಕತೆ ಬಿಗಿಯಾದಲ್ಲಿ ನೂಲೂ ಬಿಗಿ,
ಮೊಮ್ಮಗನ ಸ್ವೆಟರಿಗೆ ಹಾಗಾಗಿ
ಎಡತೋಳು ಒಂದಿಂಚು ಗಿಡ್ಡ.

ನಾನು ವಾರಿಜಾ, ಕಸ್ಟಮ್ಸ್ ಆಫೀಸಿನ ಟಪಾಲು ವಿಭಾಗ.
ಓದುವುದಕ್ಕಿಂತ ಹೆಚ್ಚು ಕೊಳ್ಳುತ್ತೇನೆ.

ಸಂಬಳದ ಮಾರನೇ ಸಂಜೆ ಸ್ಲೋ ಹಿಡಿದು ಮಾಟುಂಗಾದಲ್ಲಿ ಇಳಿದರೆ
ಕಿಂಗ್ಸ್ ಸರ್ಕಲಿನ ಫುಟ್‌ಪಾತಿನಲ್ಲಿ ರಾಮಸುಮೇರ್
ಗೋಣಿಚೀಲ ಬಿಚ್ಚಿ ಕರೆಯುತ್ತಾನೆ: ಆಪ್‌ಕಾವಾಲಾ ಆಯಾ ಹೈ!
ದುಂಡಗಿದ್ದದ್ದೆಲ್ಲ ಅವನಿಗೆ ಕನ್ನಡ.
ಒಂದು ಸಲ ತೆಲುಗು ಇತ್ತು. ಒಂದು ಸಲ ಸಿಂಹಳ.
ಸಿಂಹಳವನ್ನೂ ಕೊಂಡೆ, ಅವನ ಮುಖ ನೋಡಿ.

ಹೀಗೆ ಬಂದು ಸೇರಿದವು:
ಹಡಗಿನ ಬಾಣಸಿಗರಿಗೆಂದೇ ಅಚ್ಚಾದ ಅಡುಗೆ ಪುಸ್ತಕ, ನೂರು ಜನರ ಅಳತೆ
(ಸಾರನ್ನು ಇಬ್ಬರಿಗೆ ಭಾಗಿಸಿ ಮಾಡಿದೆ, ಉಪ್ಪು ಮಾತ್ರ ಭಾಗವಾಗಲಿಲ್ಲ),
ಗೆದ್ದಲಿಗೆ ಅರ್ಧ, ನನಗೆ ಅರ್ಧ ಎಂದು ಪಾಲಾದ ಪ್ರಸಂಗದ ಪುಸ್ತಕ,
'ಪ್ರಿಯ ಕುಸುಮಾಕ್ಷಿಗೆ' ಎಂದು ಬರೆದು
ಆಮೇಲೆ ಬ್ಲೇಡಿನಿಂದ ಕೆರೆದ ವ್ಯಾಕರಣ.
ವ್ಯಾಕರಣ ಕೊಟ್ಟು ಪ್ರೀತಿಸಿದವನು ಯಾರಪ್ಪಾ
ಎಂದು ಇಡೀ ಮಳೆಗಾಲ ಯೋಚಿಸಿದ್ದೇನೆ.

ನಮ್ಮದು ಒಂದು ರೂಮು, ಒಂದು ಕಿಚನ್.
ಅಕ್ಕಿ ಡ್ರಮ್ಮಿನ ಹಿಂದೆ ಸಣ್ಣಕತೆಗಳು, ಫ್ರಿಜ್ಜಿನ ಮೇಲೆ ಪ್ರವಾಸ,
ಮಂಚದಡಿ ನುಸಿಗುಳಿಗೆಯ ವಾಸನೆಯಲ್ಲಿ ಉಳಿದ ಲೋಕ.
ದೇಜಪ್ಪ ಏನೂ ಅನ್ನುವುದಿಲ್ಲ.
ನಾನು ಇನ್ನೊಂದು ಕಟ್ಟು ತಳ್ಳುವಾಗ
ಪೇಪರಿನಿಂದ ಕಣ್ಣು ತೆಗೆಯದೆ ಕಾಲೆತ್ತಿಕೊಳ್ಳುತ್ತಾರೆ, ಅಷ್ಟೇ.

ಮೊನ್ನೆ ಸುಲಭಾ ಅಂದಳು: ನಿನಗೆ ತುಂಬ ಇಷ್ಟದ್ದೊಂದು ಕೊಡು.
ನಿನಗೆಲ್ಲಿ ಕನ್ನಡ ಬರುತ್ತೆ ಎಂದೆ.
ಬರದಿದ್ದರೇನು, ಕೊಡು.
ಕೊಟ್ಟೆ. ನೀಲಿ ಬಟ್ಟೆಯ ರಟ್ಟಿನ ದಪ್ಪ ಕಾದಂಬರಿ,
ಎಷ್ಟೋ ಸಲ ಇದೇ ಸೀಟಿನಲ್ಲಿ ಕೂತು ನಾನು ಹೊಗಳಿದ್ದು.

ತಿಂಗಳ ನಂತರ ವಾಪಸು ತಂದಳು.
ಬಿಟ್ಟುಹೋಗಿದ್ದ ಬೆನ್ನಿಗೆ ಹಸಿರು ಉಣ್ಣೆಯ ಹೊಲಿಗೆ,
ಮೇಲೆ ಕಂದು ಕಾಗದದ ಹೊದಿಕೆ.
ಓದಿದೆ, ಅಂದಳು.
ಏನಂತ?
ನಲವತ್ತೊಂದರಲ್ಲಿ ಯಾರದೋ ಅರಿಸಿನದ ಬೆರಳು.
ಎಪ್ಪತ್ತರಲ್ಲಿ ಚಹಾ. ತೊಂಬತ್ತರ ಮೂಲೆ
ಎರಡೆರಡು ಸಲ ಮಡಿಚಿದ್ದಾರೆ, ಅಲ್ಲೇನೋ ಆಗಿರಬೇಕು.
ನೂರ ಹದಿಮೂರರ ಆಚೆ ಹಾಳೆಯ ಅಂಚೇ ಕತ್ತರಿಸಿಲ್ಲ, ವಾರಿಜಾ.
ಪ್ರೆಸ್ಸಿನಲ್ಲಿ ಮಡಿಚಿದ್ದು ಹಾಗೇ ಇದೆ.
ಅಲ್ಲಿಗೆ ಯಾರೂ ಹೋಗಿಲ್ಲ.

ಮುಂಬ್ರಾ ದಾಟುತ್ತಿತ್ತು ಗಾಡಿ.
ಹೊಗಳಿಕೆಯ ಒಂದೊಂದು ಮಾತೂ ನನ್ನ ಕಿವಿಗೇ ಬಂದು ಬಿತ್ತು.
ಜೆಸಿಂತಾ ಬಗ್ಗಿ ಕೇಳಿದಳು: ಅಂದ ಹಾಗೆ, ಅದರಲ್ಲಿ ಯಾರು ಸಾಯುತ್ತಾರೆ?
ಗೊತ್ತಿಲ್ಲ, ಎಂದೆ.

ಪಾರಸಿಕ್ ಸುರಂಗ ಬಂತು. ದೀಪ ಹೋಯಿತು.
ಕತ್ತಲಲ್ಲಿ ಸುಲಭಾ ನನ್ನ ಅಂಗೈಗೆ ಏನೋ ಇಟ್ಟಳು,
ತಣ್ಣಗೆ, ಉದ್ದಕ್ಕೆ. ಹನ್ನೊಂದನೇ ನಂಬರಿನ ಸೂಜಿ.

ಬೆಳಕು ಬಂದಾಗ ಸೂಜಿಯನ್ನು ಮಡಿಕೆಯೊಳಗೆ ತೂರಿಸಿ
ಹೆದರಿ ಹೆದರಿ ಎಳೆದೆ.
ರವೆಯಂಥ ಕಾಗದದ ಹುಡಿ ಸೀರೆಯ ಮೇಲೆ ಉದುರಿತು.
ಒಳಗಿನ ಹಾಳೆ ಬೆಳ್ಳಗಿತ್ತು, ಹೊರಗಿನದಕ್ಕಿಂತ ಎಷ್ಟೋ ಬೆಳ್ಳಗೆ,
ಮಸಿಯ ವಾಸನೆ ಇನ್ನೂ ಹೋಗಿರಲಿಲ್ಲ.

ಘಾಟ್‌ಕೋಪರಿನಲ್ಲಿ ಹತ್ತಿದ ಮೆಹಜಬೀನ್
ಜಾಗಕ್ಕೆ ತಳ್ಳಾಡುತ್ತಲೇ ಕೇಳಿದಳು:
ಈಗೇನು ಓದ್ತಾ ಇದ್ದೀ?
ತಲೆಯೆತ್ತದೆ ಹೇಳಿದೆ:
ನೂರ ಹದಿನಾಲ್ಕು.