ಜೊಳ್ಳು

ಬೆಳಗಿನ ಜಾವ ನಾಲ್ಕೂ ಹತ್ತು. ತಿತಿಮತಿ.
ಕರೆಂಟು ಬಂತು. ಬೇಡದ ಚಳಿಯಲ್ಲೂ ಫ್ಯಾನು ತಿರುಗಿತು,
ಸರ್ವರಿನ ಹಸಿರು ದೀಪ ಹತ್ತಿತು.
ಆನೆ ಬಂದರೆ ಮೆಸೇಜು ಕಳಿಸುವ ಸರ್ವೀಸು ಮಾತ್ರ
ಏಳಲಿಲ್ಲ.

ಏಳು ಎಂದೆ. ಎದ್ದ ಹಾಗೆ ಮಾಡಿ ಬಿತ್ತು.
ಮತ್ತೆ ಎಂದೆ. ಎರಡು ಸೆಕೆಂಡು ನಿಂತು ಬಿತ್ತು.
ಮೂರನೇ ಸಲ ಬಲು ವಿನಯದಿಂದ ತಾನೇ ಹೇಳಿತು:
ನಾನು ಯಾರೆಂದು ತೋರಿಸಲು
ನನ್ನ ಬಳಿ ಏನೂ ಇಲ್ಲ.

ವೈರ್‌ಲೆಸ್ಸಿನಲ್ಲಿ ವಾಚರ್ ಬೋಜ: ಐದು ಇವೆ,
ಒಂದು ಮರಿ, ಕೆರೆ ದಾಟಿ ಬಿದ್ದಪ್ಪನವರ ರೋಬಸ್ಟಾ ಕಡೆ.
ಐದೂವರೆಗೆ ಲೈನ್‌ಮನೆಗಳಿಂದ ಕೊಯ್ಲಿನವರು ಹೊರಡುತ್ತಾರೆ.
ಮುನ್ನೂರ ಹನ್ನೆರಡು ನಂಬರು
ಈ ಪೆಟ್ಟಿಗೆಯೊಳಗೆ ಬಾಯಿ ಮುಚ್ಚಿಕೊಂಡು ಕೂತಿವೆ.

ಡಿಸ್ಕು ನೋಡಿದೆ, ಜಾಗವಿದೆ.
ನೆಟ್ಟು ನೋಡಿದೆ, ತೆವಳುತ್ತಿದೆ, ಆದರೆ ಇದೆ.
ಬೈದು ನೋಡಿದೆ; ಅದೂ ಒಂದು ವಿಧಾನವೇ.
ಆಮೇಲೆ ಲಾಗನ್ನು ಕೊನೆಯಿಂದ ಹಿಂದಕ್ಕೆ ಓದಿದೆ,
ಲದ್ದಿ ಎಷ್ಟು ಬಿಸಿಯಿದೆಯೆಂದು ಬೆರಳಿಟ್ಟು
ಬೋಜ ಬಂದ ದಾರಿಯನ್ನೇ ಹಿಡಿದು ಹೋಗುವ ಹಾಗೆ.

ಸಿಕ್ಕಿತು. ಪಾಸ್‌ವರ್ಡು ಇಟ್ಟ ಸಣ್ಣ ಫೈಲು.
ಹೆಸರು ಸರಿ.
ಹೊತ್ತು ಒಂದೂ ಮುಕ್ಕಾಲು, ಕರೆಂಟು ಕಣ್ಣು ಮಿಟುಕಿಸಿದಾಗಿನದು.
ಗಾತ್ರವೂ ಸರಿ, ಇನ್ನೂರ ಐವತ್ತಾರು ಬೈಟು.
ಬಿಚ್ಚಿದರೆ ಒಳಗೆ ಸೊನ್ನೆ ಸೊನ್ನೆ ಸೊನ್ನೆ
ಸೊನ್ನೆ
ಸೊನ್ನೆ.

ಕಾಫಿ ಹಣ್ಣನ್ನು ನೀರಿಗೆ ಸುರಿದು ಅಜ್ಜಿ ಹೇಳುತ್ತಿದ್ದಳು:
ಕೆಂಪು ನೋಡಿ ಮರುಳಾಗಬೇಡ ಕೂಸೇ,
ಮುಳುಗುತ್ತೋ ನೋಡು.

ಬ್ಯಾಕಪ್ಪು? ಎರಡು ಗಂಟೆಗೆ ಸರಿಯಾಗಿ ಎದ್ದು
ಇದೇ ಜೊಳ್ಳನ್ನು ಜೋಪಾನವಾಗಿ ನಕಲು ಮಾಡಿ
ನಿನ್ನೆಯ ಕಾಳಿನ ಮೇಲೆ ಸುರಿದಿದೆ.
ಪಾಸ್‌ವರ್ಡು ಇಟ್ಟವನು ಜೋಸೆಕುಟ್ಟಿ,
ಕಾಂಟ್ರಾಕ್ಟು ಮುಗಿದು ಹೋದ. ಫೋನು ಸ್ವಿಚ್ ಆಫ್.
ಹೊಸದು ಕೊಡಬೇಕಾದ ಕಂಪನಿ ಬಾಗಿಲು ತೆಗೆಯುವುದು ಹತ್ತಕ್ಕೆ.

ಫೈಲನ್ನು ಅಳಿಸಲಿಲ್ಲ. ಹೆಸರಿನ ತುದಿಗೆ ‘ಹಳೆ’ ಅಂಟಿಸಿ
ಪಕ್ಕಕ್ಕಿಟ್ಟೆ. ಈ ಕೆಲಸದಲ್ಲಿ
ಯಾವುದನ್ನೂ ಒಮ್ಮೆಗೇ ಕೊಲ್ಲಬಾರದು.

ಆಗ ಜೀಪಿನ ಮೊಯ್ದು ತನ್ನ ಡೈರಿ ತೆಗೆದ,
ಗೊಬ್ಬರದ ಅಂಗಡಿಯ ಕ್ಯಾಲೆಂಡರು ಸುತ್ತಿದ್ದು.
ಒಬ್ಬ ಮೇಸ್ತ್ರಿಗೆ ಕೊಡವ ಮಾತು, ಇನ್ನೊಬ್ಬಳಿಗೆ ಎರವ ಮಾತು,
ಅಸ್ಸಾಮಿನ ಹುಡುಗರಿಗೆ ಮುರುಕು ಹಿಂದಿ: ಹಾಥಿ ಹೈ, ರುಕೋ.
ಹೆಸರು ಹೇಳಲೇ ಇಲ್ಲ. ಕೆಲವು ಕಡೆ ಕೆಮ್ಮಿದ, ಅಷ್ಟೇ.

ಸಣ್ಣಿ ಮಾತ್ರ ನಂಬಲಿಲ್ಲ. ಯಾರು ನೀನು?
ನಿನ್ನ ಗಂಡನಿಗೆ ನೂರೈವತ್ತು ಕೊಡಬೇಕಾದವನು.
ಆ ಕಡೆ ನಗು. ನಾಯಿ ಬೊಗಳಿದ್ದು.
ಆಮೇಲೆ ಅವಳು ಇಡೀ ಲೈನಿಗೆ ಕೇಳುವಂತೆ
ಕೂಗಿದ್ದು, ಫೋನಿನಲ್ಲೇ,
ನನ್ನ ಕಿವಿಗೂ ಬಿತ್ತು.

ಐದೂ ಇಪ್ಪತ್ತಕ್ಕೆ ಅವನ ಬ್ಯಾಲೆನ್ಸು ಮುಗಿಯಿತು.
ನನ್ನ ಫೋನು ಕೊಟ್ಟೆ. ಕೀ ತೆರೆಯಲು
ಹೆಬ್ಬೆರಳು ಒತ್ತಿದೆ; ಚಳಿಗೆ
ಅದಕ್ಕೆ ನನ್ನ ಗುರುತೇ ಹತ್ತಲಿಲ್ಲ.
ಉಫ್ ಎಂದು ಊದಿ ಬಿಸಿ ಮಾಡಿ ಮತ್ತೆ ಒತ್ತಿದೆ.

ಹತ್ತೂ ಇಪ್ಪತ್ತಕ್ಕೆ ಹೊಸ ಪಾಸ್‌ವರ್ಡು ಬಂತು.
ಏಳು ಎಂದೆ.
ಎದ್ದು, ನಿಂತು, ಆರು ಗಂಟೆಯಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು
ಮುನ್ನೂರ ಹನ್ನೆರಡು ಜೇಬಿಗೆ ಒಟ್ಟಿಗೇ ಕಕ್ಕಿತು:
ಆನೆ ಸಮೀಪದಲ್ಲಿದೆ. ಹೊರಗೆ ಬರಬೇಡಿ.

ಹೊರಗೆ ನೆತ್ತಿಯ ಮೇಲೇರುವ ಬಿಸಿಲು. ಆನೆಗಳು
ಕಾಡಿಗೆ ಮರಳಿ ಮೂರು ಗಂಟೆ ಕಳೆದಿತ್ತು.
ಗಿಡಗಳ ನಡುವೆ ಅಲ್ಲಲ್ಲಿ ಫೋನುಗಳು ಗುಂಯ್‌ಗುಟ್ಟಿದವಂತೆ.

ಮೊಯ್ದುವಿನದೂ ಗುಂಯ್‌ಗುಟ್ಟಿತು.
ಟೀ ಲೋಟ ಕೆಳಗಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದಿದ.
ಓಹೋ, ಎಂದ.
ಆದರೂ ಎದ್ದು ಹೋಗಿ
ಕಿಟಕಿಯಾಚೆ ಒಮ್ಮೆ ನೋಡಿದ.