ಐದು ನಿಮಿಷ ಸಿಹಿನೀರು

ಸಮುದ್ರ ನಾನು ನೋಡಿಲ್ಲ.
ಹುಟ್ಟಿದ್ದು ಕಲಾಸಿಪಾಳ್ಯದಲ್ಲಿ,
ಟೈರ್ ಅಂಗಡಿಯ ಮೇಲಿನ ಮನೆ.
ಆದರೂ ವಾರಕ್ಕೆರಡು ಸಲ
ಹೆಬ್ಬಾಳದ ಈ ಕೋಣೆಗೆ ಅದೇ ಬರುತ್ತದೆ,
ಥರ್ಮೋಕೋಲ್ ಡಬ್ಬಿಯಲ್ಲಿ, ಟೇಪು ಸುತ್ತಿಕೊಂಡು,
ರಾತ್ರಿ ಬಸ್ಸಿನ ಡಿಕ್ಕಿಯ ವಾಸನೆ ಹೊತ್ತು.

ಇವತ್ತು ಕುಂದಾಪುರದ ಪಂಜರದಿಂದ
ಗಾಳಿ ತುಂಬಿದ ಚೀಲದಲ್ಲಿ ಕುರುಡಿಮೀನಿನ ಮರಿ, ಏಳು.
ಐದು ಮಗುಚಿದ್ದವು.
ಜೊತೆಗೆ ಶಿವಾಜಿನಗರದಿಂದ ನಾನೇ ತಂದ ಬಂಗುಡೆ.
ಕಿವಿರು ಎತ್ತಿ ಕೆಂಪು ತೋರಿಸಿದ್ದಳು ಜಮೀಲಾಬಿ:
‘ಸಾಕಿದ್ದಲ್ಲಮ್ಮ, ಜಂಗ್ಲಿ. ಏನೂ ಇರಲ್ಲ ಇದರೊಳಗೆ.’

ಮರಿಯ ಕಿವಿರಿನ ಒಂದೆಳೆ,
ಅದರದೇ ಉಪ್ಪುನೀರು ಒಂದು ಹನಿ.
ಹತ್ತರ ಮಸೂರದಲ್ಲಿ ಕೆಂಪು ಬಾಚಣಿಗೆ.
ನಲವತ್ತರದರಲ್ಲಿ
ಬಾಚಣಿಗೆಯ ಹಲ್ಲು ಹಲ್ಲಿನ ನಡುವೆ
ತಟ್ಟೆಗಳು ತಿರುಗುತ್ತಿವೆ.
ಬುಗುರಿ ಅನ್ನೋಣವೆಂದರೆ ಬುಗುರಿಗೆ ಸುಸ್ತಾಗುತ್ತದೆ.
ಇವಕ್ಕೆ ಆಗುವುದಿಲ್ಲ.
ಅಂಚಿಗೆ ರೋಮ, ಹೊಟ್ಟೆಯಡಿ ಹಲ್ಲಿನ ಚಕ್ರ.
ಟ್ರೈಕೋಡೈನಾ.
ಅದು ಮನೆತನದ ಹೆಸರು ಅಷ್ಟೆ.
ಯಾವ ಮಗ ಅನ್ನುವುದಕ್ಕೆ
ಹಲ್ಲು ಎಣಿಸಬೇಕು.

ಸಿಕ್ವೇರಾ ಸರ್ ಕೊಂಕಣಿಯಲ್ಲಿ ಎಣಿಸುತ್ತಿದ್ದರು,
ಗಾಜಿಗೆ ಬೆಳ್ಳಿಯ ಉಪ್ಪು ಸವರಿ,
ಈ ಊರಿನ ಮೋಡದ ಬಿಸಿಲನ್ನು ಬೈಯುತ್ತ ಕಾಯ್ದು.
ಇಪ್ಪತ್ತು ದಾಟಿದರೆ ಯಾಕೋ
ಇಂಗ್ಲಿಷಿಗೆ ಜಾರುತ್ತಿದ್ದರು.
ಚಕ್ರಕ್ಕೆ ಮೊದಲ ಹಲ್ಲು ಯಾವುದು ಸರ್?
ಕೇಳಿದರೆ ಪೆನ್ಸಿಲ್ ಚೂಪು ಮಾಡುತ್ತಿದ್ದರು.

ಬಂಗುಡೆ. ಮಾಂಸದ ಚೂರು ಒತ್ತಿ,
ಎಣ್ಣೆಯ ಹನಿ, ನೂರರ ಮಸೂರ.
ನಾಲ್ಕೆಸಳು.
ರಂಗೋಲಿಯ ಚುಕ್ಕಿಯಲ್ಲಿ ಸಾವಿರ ಹಿಡಿಯುವಷ್ಟು ಸಣ್ಣದು,
ಎಸಳಿಗೊಂದು ಸುತ್ತಿಟ್ಟ ದಾರ.
ಕುಡೋವಾ. ಮೀನು ಇರುವ ತನಕ ಸುಮ್ಮನೆ,
ಸತ್ತ ಮೇಲೆ ಮಾಂಸ ಮಿದು ಮಾಡುತ್ತದೆ.
ಎಲ್ಲೋ ಫ್ರೇಜರ್ ಟೌನಿನಲ್ಲಿ ಸಾರಿನ ತುಂಡು ಕರಗಿ
ಅತ್ತೆ ಸೊಸೆಗೆ ಅನ್ನುತ್ತಾಳೆ,
ಎಷ್ಟು ಹೊತ್ತು ಬೇಯಿಸ್ತೀಯೆ.
ಅದೇ ಬಂಗುಡೆಯ ಕಿವಿರಲ್ಲಿ ಕೊಕ್ಕೆಯ ಹುಳ ಒಂದು,
ಕರುಳಲ್ಲಿ ಇನ್ನೆರಡು ಬಗೆ,
ಮತ್ತೊಂದು, ನನ್ನ ಪುಸ್ತಕದಲ್ಲಿ ಇಲ್ಲದ್ದು.
ಪಂಜರದಲ್ಲಿ ಒಂದೇ ಜಾತಿ, ಲೆಕ್ಕ ತಪ್ಪುವಷ್ಟು.
ಕಡಲಲ್ಲಿ ಎಲ್ಲ ಜಾತಿ, ಒಂದೊಂದು.
ಜಮೀಲಾಬಿಗೆ ಹೇಳುವುದಿಲ್ಲ.

ಹನ್ನೊಂದಕ್ಕೆ ಫೋನು. ಶೀನ ಖಾರ್ವಿ.
‘ಮೇಡಮ್ಮೋರೆ, ಹುಳ ಇತ್ತಾ ಇಲ್ಯಾ,
ಅಷ್ಟ್ ಹೇಳಿ ಕಾಂಬ.’
ಇದೆ. ಹೆಸರು ಗೊತ್ತಾಗೋಕೆ ಎರಡು ದಿನ.
‘ಹೆಸ್ರ್ ಕಟ್ಕಂಡ್ ಎಂತ ಮಾಡುದ್?’
ಸರಿಯೇ.
ಟಬ್ಬಿನಲ್ಲಿ ಸಿಹಿನೀರು ತುಂಬಿಸಿ, ಅಂದೆ,
ಮರಿಗಳನ್ನು ಐದು ನಿಮಿಷ ಬಿಡಿ, ಗಡಿಯಾರ ನೋಡಿ.
ಆಚೆ ಗಾಳಿಯ ಸದ್ದು.
‘ಬಾವಿ ನೀರಾ?’
ಬಾವಿದೇ.

ಹೇಳಿಬಿಟ್ಟ ಮೇಲೆ ನೋಡಬೇಕೆನಿಸಿತು.
ನಲ್ಲಿಯಿಂದ ಒಂದು ಹನಿ,
ತೊರೆಕಾಡನಹಳ್ಳಿಯಿಂದ ಪಂಪು ಪಂಪು ಹತ್ತಿ ಬಂದ ಕಾವೇರಿ,
ಗಾಜಿನ ಈ ಅಂಚಿಗೆ ಇಟ್ಟೆ,
ಆ ಅಂಚಿಗೆ ಒತ್ತು ಕಾಗದ.
ನೀರು ಒಳಗೆ ನಡೆಯಿತು.
ತಟ್ಟೆಗಳು ನಿಧಾನವಾದವು,
ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಉಬ್ಬಿದವು,
ಅಂಚು ಹರಿದು ಹೋಯಿತು.
ಉಳಿದದ್ದು ಚಕ್ರ.
ನಿಂತ ಚಕ್ರ ಎಣಿಸುವುದು ಸುಲಭ.
ಇಪ್ಪತ್ತಾರು.
ಮತ್ತೆ ಎಣಿಸಿದೆ. ಇಪ್ಪತ್ತೇಳು.

ಉಳಿದ ಎರಡು ಮರಿಗಳನ್ನೂ ಬಕೆಟ್ಟಿನಲ್ಲಿ ಅದ್ದಿ
ಗೋಡೆಯ ಗಡಿಯಾರದಡಿ ನಿಂತೆ.
ನಾಲ್ಕನೇ ನಿಮಿಷಕ್ಕೆ ಒಂದು ಓರೆಯಾಯಿತು,
ಹಿಡಿಯಹೋದರೆ ನೆಟ್ಟಗಾಯಿತು.
ಇನ್ನು ಇವಕ್ಕೆ ಉಪ್ಪುನೀರು ಬೇಕು.
ಡಬ್ಬಿಯಲ್ಲಿದ್ದದ್ದು ಕೊಳೆತಿದೆ.
ಗಂಗಾನಗರದ ದಿನಸಿ ಅಂಗಡಿಯ ಕಲ್ಲುಪ್ಪು,
ಲೀಟರಿಗೆ ಮೂವತ್ತು ಗ್ರಾಂ, ಕದಡಿ,
ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡೆ,
ಸರಿಯಾಗಿದೆಯೋ ಎಂದು.

ಯಾವುದರ ಹಾಗೆ ಇದ್ದರೆ ಸರಿ?